ಎಣಿಕೆ ತಪ್ಪಿದ ವೈಂಡಿಂಗ್ ಗೌಡ

ಅವನು ತಂತಿ ಸುತ್ತುವಾಗ ಎದುರಿಗೆ ಕುಳಿತು ಎಷ್ಟು ಬೇಕಾದರೂ ಮಾತಾಡಬಹುದಿತ್ತು. ಬೇರೆ ವೈಂಡಿಂಗ್ ಅಂಗಡಿಗಳಲ್ಲಿ ಹಾಗಲ್ಲ. ಸುಟ್ಟುಹೋದ ಪಂಪ್‌ಸೆಟ್ ಮೋಟಾರಿನ ಹಳೆಯ ತಾಮ್ರದ ತಂತಿಯನ್ನು ಕಿತ್ತು ಹೊಸದನ್ನು ಸುತ್ತುವಾಗ, ಒಂದೊಂದು ಕಾಯಿಲಿಗೂ, ಅಂದರೆ ತಂತಿಯ ಸುರುಳಿಗೂ, ಇಷ್ಟೇ ಸುತ್ತು ಎಂಬ ಲೆಕ್ಕವಿರುತ್ತದೆ. ಅದು ಹೆಚ್ಚುಕಡಿಮೆಯಾದರೆ ಮೋಟಾರು ಬಿಸಿಯಾಗಿ ಮತ್ತೆ ಸುಡುತ್ತದೆ. ಅದಕ್ಕೇ ಸುತ್ತುವವರು ತುಟಿಯನ್ನಷ್ಟೇ ಅಲ್ಲಾಡಿಸುತ್ತಾ, ಯಾರಾದರೂ ಮಾತಾಡಿಸಿದರೆ ಸಿಡುಕುತ್ತಾ ಕೂತಿರುತ್ತಾರೆ. ಇವನು ಮಾತ್ರ ಕೈಯಲ್ಲಿ ಹ್ಯಾಂಡಲ್ ತಿರುಗಿಸುತ್ತಲೇ ಚುನಾವಣೆಯ ಸುದ್ದಿ ಆಡುತ್ತಿದ್ದ, ತನ್ನೂರು ಬಂಡೂರಿನ ಕುರಿಯ ಮಾಂಸಕ್ಕೂ ಬೇರೆ ಕುರಿಯದಕ್ಕೂ ಇರುವ ವ್ಯತ್ಯಾಸವನ್ನು ಬಾಯಲ್ಲಿ ನೀರೂರುವಂತೆ ವರ್ಣಿಸುತ್ತಿದ್ದ, ನಡುವೆ ಬಂದ ಗಿರಾಕಿಗೆ ಉತ್ತರವನ್ನೂ ಕೊಡುತ್ತಿದ್ದ. ಆಮೇಲೆ ಹ್ಯಾಂಡಲ್ ನಿಲ್ಲಿಸಿ, "ಎಂಬತ್ತಾರು" ಎನ್ನುತ್ತಿದ್ದ.

ನಾನು ಒಮ್ಮೆ ಹಟ ಹಿಡಿದು ಆ ಕಾಯಿಲನ್ನು ಬಿಚ್ಚಿಸಿ ಎಣಿಸಿದೆ. ಎಂಬತ್ತಾರೇ ಇತ್ತು.

"ನಂಬ್ಕೆ ಇಲ್ವೇನ್ಲಾ ಬಾಯ್?" ಎಂದ.

"ಮಾತಾಡ್ತಾ ಮಾತಾಡ್ತಾ ಎಂಗ್ಲಾ ಎಣಿಸ್ತೀಯಾ?"

"ನಾನೆಲ್ಲಿ ಎಣಿಸ್ತೀನಿ? ಎಣಿಸೋದು ಕೈ ಕಣ್ಲಾ. ನಾನು ನಿನ್ ಕುಟೆ ಮಾತಾಡ್ತಾ ಇರ್ತೀನಿ."

ಕಳೆದ ತಿಂಗಳು ಅವನು ತೀರಿಕೊಂಡ. ಐವತ್ತು ತುಂಬಿರಲಿಲ್ಲ. ಮಳವಳ್ಳಿಯ ಸುತ್ತಲಿನ ಹಳ್ಳಿಗಳವರಿಗೆಲ್ಲ ಅವನು ವೈಂಡಿಂಗ್ ಗೌಡ. ಅವನ ಹೆಸರನ್ನು ನಾನು ಇಲ್ಲಿ ಬರೆಯುವುದಿಲ್ಲ. ಅವನ ಬಗ್ಗೆ ಬರೆಯುವ ಹಕ್ಕು ನನಗೆ ಎಷ್ಟಿದೆಯೋ ಅದೂ ತಿಳಿಯದು. ಆದರೂ ಬರೆಯದೆ ಇರಲಾರೆ.

ನಮ್ಮಿಬ್ಬರ ಅಂಗಡಿಗಳಿಗೆ ನಡುವೆ ಒಂದೇ ಗೋಡೆ. ಮದ್ದೂರು ರಸ್ತೆಯಲ್ಲಿ ನನ್ನ ತಂದೆ ಸೈಕಲ್ ರಿಪೇರಿ ಮಾಡುತ್ತಿದ್ದ ಜಾಗದಲ್ಲೇ ನಾನು ಡಿ. ಫಾರ್ಮ ಮುಗಿಸಿ ಬಂದು ಮೆಡಿಕಲ್ ಸ್ಟೋರ್ ತೆರೆದೆ. ಅದೇ ವರ್ಷ ಅವನು ಮೈಸೂರಿನಲ್ಲಿ ಕೆಲಸ ಕಲಿತು ಬಂದು ಪಕ್ಕದ ಅಂಗಡಿ ಹಿಡಿದ. ಅವನ ವಾರ್ನಿಷ್ ವಾಸನೆ ನನ್ನ ಅಂಗಡಿಗೆ ಬರುತ್ತಿತ್ತು, ನನ್ನ ಗಿರಾಕಿಗಳ ಕೆಮ್ಮು ಅವನಿಗೆ ಕೇಳುತ್ತಿತ್ತು. "ಇದು ಒಣ ಕೆಮ್ಮು, ಸಿರಪ್ ಕೊಟ್ಟು ಕಳ್ಸು" ಎಂದು ಗೋಡೆಯ ಆಚೆಯಿಂದ ಕೂಗುತ್ತಿದ್ದ. ನಾನು ನಮಾಜಿಗೆ ಹೋದಾಗ ನನ್ನ ಅಂಗಡಿಯ ಮುಂದೆ ಸ್ಟೂಲು ಹಾಕಿಕೊಂಡು ಕೂತು, ಬಂದವರಿಗೆ, "ಡಾಕ್ಟ್ರು ಈಗ್ಲೇ ಬತ್ತಾರೆ, ಅಲ್ಲೀಗಂಟ ಸಾಯ್ಬೇಡಿ" ಎನ್ನುತ್ತಿದ್ದ.

ಮೋಟಾರನ್ನು ಅವನು ಮುಟ್ಟಿ ನೋಡುತ್ತಿದ್ದ ರೀತಿ ನಮ್ಮೂರಿನ ಹಳೆಯ ವೈದ್ಯರು ನಾಡಿ ಹಿಡಿಯುತ್ತಿದ್ದ ಹಾಗಿತ್ತು. ಮೊದಲು ಅಂಗೈಯನ್ನು ಅದರ ಮೈಮೇಲೆ ಇಡುವುದು. ಆಮೇಲೆ ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಮೋಟಾರಿಗೂ ಹಿಡಿಯನ್ನು ಕಿವಿಗೂ ಒತ್ತಿ ಕಣ್ಣು ಮುಚ್ಚುವುದು. ತಂದವರು, "ಏನೂ ಮಾಡ್ಲಿಲ್ಲ ಗೌಡ್ರೆ, ತಾನಾಗೇ ಸುಟ್ಟೋಯ್ತು" ಎಂದರೆ, "ಮೋಟ್ರು ಬ್ಯಾರೆ ಯೋಳ್ತಾ ಅದಲ್ಲಾ. ನೀರಿಲ್ದೆ ಮೂರ್ ಗಂಟೆ ಓಡಿಸ್ದ ಅಂತದೆ" ಎನ್ನುತ್ತಿದ್ದ. ತಂದವರು ತಲೆ ಕೆರೆದುಕೊಳ್ಳುತ್ತಿದ್ದರು. ಹತ್ತು ವರ್ಷದ ಹಿಂದೆ ಸುತ್ತಿಕೊಟ್ಟ ಮೋಟಾರು ಮತ್ತೆ ಬಂದರೂ, ಅದು ಯಾರ ಮನೆಯದು, ಎಷ್ಟನೇ ನಂಬರಿನ ತಂತಿ ಹಾಕಿದ್ದೆ, ಅವತ್ತು ತಂದವರ ಜೊತೆಗೆ ಯಾರು ಬಂದಿದ್ದರು ಎಂದು ಒಂದೇ ಉಸಿರಿಗೆ ಹೇಳುತ್ತಿದ್ದ. ಒಂದು ಪುಸ್ತಕವನ್ನೂ ಅವನು ಇಟ್ಟಿರಲಿಲ್ಲ.

ಸಂಜೆಯಾಗುತ್ತಲೇ ಅಂಗಡಿಯ ಹಿಂದಿನ ಕಲ್ಲಿನ ಮೇಲೆ ಕೂತು ಅವನು ಸೊಪ್ಪು ಸೇದುತ್ತಿದ್ದ. ಗಾಂಜಾಕ್ಕೆ ನಮ್ಮ ಕಡೆ ಸೊಪ್ಪು ಎನ್ನುವುದು ವಾಡಿಕೆ. ಹೆಸರೇ ಹಾಗಿದ್ದರೆ ಅದರಲ್ಲಿ ಭಯಪಡುವುದೇನು ಕಾಣುತ್ತದೆ? ಹದಿನೇಳನೇ ವಯಸ್ಸಿನಲ್ಲಿ ಮೈಸೂರಿಗೆ ಕೆಲಸ ಕಲಿಯಲು ಹೋದವನಿಗೆ ಜೊತೆಯವರು ಅಭ್ಯಾಸ ಮಾಡಿಸಿದ್ದರು. "ಒಂದ್ ದಮ್ ಎಳುದ್ರೆ ತಂತಿ ಒಂದೊಂದು ಎಳೇನೂ ಬ್ಯಾರೆ ಬ್ಯಾರೆ ಕಾಣ್ತದೆ ಕಣ್ಲಾ. ಮನ್ಸು ಒಂದೇ ಕಡೆ ನಿಂತ್ಕತದೆ" ಎಂದು ನನಗೆ ವಿವರಿಸಿದ್ದ. ಮೊದಮೊದಲು ವಾರಕ್ಕೊಮ್ಮೆ ಇತ್ತು. ಆಮೇಲೆ ದಿನಕ್ಕೊಂದಾಯಿತು.

ನಾನು ಓದಿದವನು. ಮಿದುಳು ತಾನೇ ಸೊಪ್ಪಿನಲ್ಲಿರುವಂಥದೇ ಒಂದು ರಸವನ್ನು ಚೂರುಚೂರೇ ತಯಾರಿಸಿಕೊಂಡು ತನ್ನ ಕೆಲಸವನ್ನು ಹದದಲ್ಲಿ ಇಟ್ಟುಕೊಳ್ಳುತ್ತದೆ, ಹೊರಗಿನ ಹೊಗೆ ಅದರ ಜಾಗಕ್ಕೆ ನುಗ್ಗಿದರೆ ನೆನಪು, ಕಾಲದ ಅಂದಾಜು, ಎಚ್ಚರ ಎಲ್ಲವೂ ಹದ ತಪ್ಪುತ್ತವೆ ಎಂದು ಪರೀಕ್ಷೆಯಲ್ಲಿ ಬರೆದು ಒಳ್ಳೆಯ ಅಂಕ ತೆಗೆದುಕೊಂಡಿದ್ದೆ. ಆ ವಿದ್ಯೆ ಉತ್ತರಪತ್ರಿಕೆಯ ಜೊತೆಗೇ ಹೋಯಿತೆಂದು ಕಾಣುತ್ತದೆ. ಗೋಡೆಯ ಆಚೆ ಕೂತ ಗೆಳೆಯನಿಗೆ ಅದು ಅನ್ವಯಿಸುತ್ತದೆ ಎಂದು ನನಗೆ ಹೊಳೆಯಲೇ ಇಲ್ಲ.

ಹೊಳೆಯಬೇಕಿದ್ದ ದಿನವೊಂದು ಬಂದಿತ್ತು. ಅವನ ಹೆಂಡತಿ ಕಿರುಗಾವಲಿನವಳು, ಮಾತು ಕಡಿಮೆ. ಮದುವೆಯಾಗಿ ಕೆಲವು ವರ್ಷಗಳಾದ ಮೇಲೆ ಒಂದು ಮಧ್ಯಾಹ್ನ, ಗಂಡ ಊಟಕ್ಕೆ ಕೂತಿದ್ದಾಗ ನನ್ನ ಅಂಗಡಿಯ ಕೌಂಟರಿಗೆ ಬಂದು ನಿಂತಳು.

"ಅಣ್ಣಾ, ನೀವು ಓದ್ಕಂಡಿರೋರು. ಈ ಸೊಪ್ಪು ಸೇದುದ್ರೆ ಏನಾರ ಆಯ್ತದಾ?"

ನಾನು ಔಷಧದ ಪೆಟ್ಟಿಗೆಗಳನ್ನು ಜೋಡಿಸುತ್ತಿದ್ದೆ. ತಿರುಗಿಯೂ ನೋಡದೆ ನಕ್ಕೆ. "ಸೊಪ್ಪು ತಾನೆ ಕಣಮ್ಮ. ಬ್ರಾಂದಿ ಕುಡ್ದು ಬೀದೀಲಿ ಬಿದ್ಕಳೋರ ನೋಡು. ನಿನ್ ಗಂಡ ಒಡೀತಾನಾ, ಬಡೀತಾನಾ? ತನ್ ಪಾಡ್ಗೆ ತಾನು ಕುಂತಿರ್ತಾನೆ. ಬುಡು."

"ಅಂಗಂತೀರಾ?"

"ಊಂ ಕಣಮ್ಮ."

ಆಕೆಯ ಮುಖ ಹಗುರವಾಯಿತು. ಆಮೇಲೆ ಆಕೆ ಆ ಪ್ರಶ್ನೆಯನ್ನು ಯಾರಿಗೂ ಕೇಳಲಿಲ್ಲ. ಔಷಧದ ಅಂಗಡಿಯವನೇ ಹೇಳಿದ ಮೇಲೆ ಇನ್ಯಾರನ್ನು ಕೇಳುವುದು?

ಅವನ ಎಣಿಕೆ ಮೊದಲ ಸಲ ತಪ್ಪಿದ್ದನ್ನು ನಾನು ಕಣ್ಣಾರೆ ನೋಡಿದೆ. ಏನೋ ತಮಾಷೆ ಹೇಳುತ್ತಿದ್ದೆ. ಅವನ ಕೈ ನಿಂತಿತು. ಕಾಯಿಲನ್ನೇ ದಿಟ್ಟಿಸಿದ. "ಎಷ್ಟಾಯ್ತ್ಲಾ?" ಎಂದು ನನ್ನನ್ನು ಕೇಳಿದ. ನಾನು ಅದನ್ನೂ ತಮಾಷೆ ಎಂದುಕೊಂಡು ಜೋರಾಗಿ ನಕ್ಕೆ. ಅವನು ನಗಲಿಲ್ಲ. ಸುತ್ತಿದ್ದನ್ನೆಲ್ಲ ಬಿಚ್ಚಿ ಮೊದಲಿಂದ ಶುರುಮಾಡಿ, ತಲೆ ಎತ್ತದೆ, "ಬಾಯ್, ಒಸಿ ಒತ್ತು ಮಾತಾಡ್ಬೇಡ" ಎಂದ. ಇಪ್ಪತ್ತು ವರ್ಷದಲ್ಲಿ ಅವನು ನನಗೆ ಸುಮ್ಮನಿರು ಎಂದದ್ದು ಅದೇ ಮೊದಲು.

ಮುಂದಿನ ದಿನಗಳಲ್ಲಿ ಅವನ ಎದುರಿನ ಗೋಡೆಯ ಮೇಲೆ ಸೀಮೆಸುಣ್ಣದ ಗೀಟುಗಳು ಕಾಣಿಸಿಕೊಂಡವು. ಹತ್ತು ಸುತ್ತಿಗೊಂದು ಗೀಟು. ಕೇಳಿದರೆ, "ವಯಸ್ಸಾಯ್ತಲ್ಲ" ಎಂದ. ನಲವತ್ತು ಆಗತಾನೆ ದಾಟಿತ್ತು. ಗೀಟು ಹಾಕಿಯೂ ತಪ್ಪುತ್ತಿದ್ದ, ಯಾಕೆಂದರೆ ಗೀಟು ಎಳೆದೆನೋ ಇಲ್ಲವೋ ಎಂಬುದೇ ಮರೆಯುತ್ತಿತ್ತು. ಒಬ್ಬರ ಮೋಟಾರಿನ ಮುಚ್ಚಳ ಇನ್ನೊಬ್ಬರದಕ್ಕೆ ಹೋಯಿತು. ಸುತ್ತಿಕೊಟ್ಟ ಮೋಟಾರುಗಳು ತಿಂಗಳೊಳಗೆ ಕರ್ರಗೆ ಸುಟ್ಟು ವಾಪಸ್ಸು ಬಂದವು. ಜನ ಕೂಗಾಡಿದರು. ಅವನು ಅದಕ್ಕೆ ಕಂಡುಕೊಂಡ ಮದ್ದು ಮತ್ತಷ್ಟು ಸೊಪ್ಪು. ಸಂಜೆಯ ಜೊತೆಗೆ ಬೆಳಿಗ್ಗೆಯೂ ಸೇರಿತು. "ಅದು ಬಿದ್ರೆ ತಲೆ ಸರೋಯ್ತದೆ ಕಣ್ಲಾ" ಎನ್ನುತ್ತಿದ್ದ. ತಲೆಯನ್ನು ಕೆಡಿಸುತ್ತಿದ್ದದ್ದೇ ಅದು ಎಂದು ಹೇಳಬೇಕಾದ ನಾನು, "ಒಸಿ ಕಮ್ಮಿ ಮಾಡ್ಲಾ" ಎಂದಷ್ಟೇ ಹೇಳುತ್ತಿದ್ದೆ, ಸಕ್ಕರೆ ಕಡಿಮೆ ಮಾಡು ಎನ್ನುವ ಹಾಗೆ.

ಆಮೇಲೆ ಅವನು ನನ್ನ ಬಳಿ ಹತ್ತಿ ಕೊಳ್ಳತೊಡಗಿದ. ಕಿವಿಗೆ ತುರುಕಿಕೊಳ್ಳಲು. ಮೋಟಾರು ಓಡಿಸಿ ನೋಡುವಾಗ ಅದರ ಗುಂಯ್‌ಗುಡುವಿಕೆಯೊಳಗಿಂದ ಯಾರೋ ತನ್ನ ಹೆಸರು ಹಿಡಿದು ಕರೆಯುತ್ತಾರೆ ಎಂದ. ಒಂದು ದಿನ ನನ್ನನ್ನು ಒಳಗೆ ಕರೆದು, ಬಾಗಿಲು ಮುಂದೆ ಮಾಡಿ, ದನಿ ತಗ್ಗಿಸಿದ.

"ಬಾಯ್, ಬ್ಲಫ್‌ನಿಂದ ನನ್ ತಲೆಗೆ ಒಂದ್ ಲೈನ್ ಎಳ್ದವ್ರೆ."

ಶಿವನಸಮುದ್ರದ ವಿದ್ಯುತ್ ಸ್ಥಾವರವಿರುವ ಬ್ಲಫ್‌ಗೆ ನಮ್ಮೂರಿನಿಂದ ಬಸ್ಸಿನಲ್ಲಿ ಹೋಗಿಬರಬಹುದು. ನಾನು, "ಯಾಕ್ಲಾ ಎಳೀತಾರೆ ಅವ್ರು?" ಎಂದೆ.

"ಅದೇ ನಂಗೂ ಗೊತ್ತಾಯ್ತಾ ಇಲ್ಲ." ಜೇಬಿನಿಂದ ಟೆಸ್ಟರು ತೆಗೆದು ತನ್ನ ಹಣೆಗೆ ಒತ್ತಿಕೊಂಡ. "ನೋಡು. ಉರೀತದಾ? ಇಲ್ಲ. ಟೆಸ್ಟರ್‌ಗೂ ಗೊತ್ತಾಗ್ದಂಗೆ ಕೊಟ್ಟವ್ರೆ. ಅಷ್ಟು ಬುದ್ವಂತ್ರು."

ಅವನ ಚಿಕ್ಕಪ್ಪನೊಬ್ಬ ಮನೆ ಬಿಟ್ಟು ಮದ್ದೂರು ರೈಲ್ವೆ ಸ್ಟೇಷನ್ನಿನಲ್ಲಿ ತನ್ನಷ್ಟಕ್ಕೆ ಮಾತಾಡಿಕೊಂಡು ತಿರುಗುತ್ತಿದ್ದ ಕತೆಯನ್ನು ಅವನೇ ಹಿಂದೆ ನಗುತ್ತಾ ಹೇಳಿದ್ದ. ಅದು ಆ ಗಳಿಗೆಯಲ್ಲಿ ನನಗೆ ನೆನಪಾಯಿತು. ಆದರೂ ಮನೆಯವರಿಗೆ ಹೇಳಲು ಒಂದು ವಾರ ಹಿಂದುಮುಂದು ನೋಡಿದೆ. ಆ ವಾರದ ಕೊನೆಯಲ್ಲಿ ಬ್ಲಫ್‌ನಿಂದ ಫೋನು ಬಂತು.

ಅವನೇ ಬಸ್ಸು ಹತ್ತಿ ಹೋಗಿದ್ದ. ಒಗೆದ ಬಿಳಿ ಶರಟು ತೊಟ್ಟು, ಕಟಿಂಗ್ ಪ್ಲೇಯರ್, ಟೆಸ್ಟರು ಇಟ್ಟುಕೊಂಡು, ಗೇಟಿನಲ್ಲಿ ನಿಂತು ಅರ್ಜಿಯೊಂದನ್ನು ಕೊಟ್ಟಿದ್ದ. ಅವನ ಹೆಂಡತಿಯನ್ನು ಬಾಡಿಗೆ ಕಾರಿನಲ್ಲಿ ಕೂರಿಸಿಕೊಂಡು ನಾನು ಅಲ್ಲಿಗೆ ಮುಟ್ಟಿದಾಗ ಅವನು ಕಾವಲಿನವರ ಕೋಣೆಯಲ್ಲಿ ಟೀ ಕುಡಿಯುತ್ತಾ ಕೂತಿದ್ದ. ನಿವೃತ್ತಿಗೆ ಹತ್ತಿರವಿದ್ದ ಅಲ್ಲಿನ ನೌಕರರೊಬ್ಬರು ನನ್ನನ್ನು ಪಕ್ಕಕ್ಕೆ ಕರೆದು ಅರ್ಜಿ ತೋರಿಸಿದರು. ದುಂಡಗಿನ ಅಕ್ಷರ. "ಮಾನ್ಯರೆ, ನನ್ನ ತಲೆಗೆ ಕೊಟ್ಟಿರುವ ಲೈನನ್ನು ದಯವಿಟ್ಟು ಕಟ್ ಮಾಡಿಕೊಡಬೇಕಾಗಿ ವಿನಂತಿ. ಸದರಿ ಲೈನಿಗೆ ನಾನು ಅರ್ಜಿ ಹಾಕಿರುವುದಿಲ್ಲ."

ಆ ಹಿರಿಯರು ನಗಲಿಲ್ಲ. ಅವನ ಭುಜ ಹಿಡಿದು ಕಾರಿನವರೆಗೂ ಬಂದರು. "ಅರ್ಜಿ ತಕ್ಕಂಡಿದ್ದೀವಿ ಗೌಡ್ರೆ. ನೀವು ನೆಮ್ದಿಯಾಗಿ ಮನ್ಗೋಗಿ" ಎಂದರು. ನನ್ನ ಕಿವಿಯಲ್ಲಿ, "ತಡ ಮಾಡ್ಬೇಡಿ, ಮಂಡ್ಯಕ್ಕೆ ಕರ್ಕೊಂಡೋಗಿ ತೋರ್ಸಿ" ಎಂದರು. ಒಂದು ಸಲವೂ ಅವನನ್ನು ನೋಡಿರದ ಆ ಮನುಷ್ಯನಿಗೆ ಐದು ನಿಮಿಷದಲ್ಲಿ ತಿಳಿದದ್ದು, ಒಂದೇ ಗೋಡೆಯ ನನಗೆ ವರ್ಷಗಟ್ಟಲೆ ತಿಳಿದಿರಲಿಲ್ಲ. ಅಥವಾ ತಿಳಿಯುವುದು ನನಗೆ ಬೇಡವಾಗಿತ್ತು.

ವಾಪಸ್ಸು ಬರುವ ದಾರಿಯಲ್ಲಿ ಅವನು ಬಹಳ ಖುಷಿಯಾಗಿದ್ದ. "ನೋಡ್ದಾ? ಮರ್ಯಾದೆಯಿಂದ ಕೇಳುದ್ರೆ ಮಾಡ್ಕೊಡ್ತಾರೆ" ಎಂದ. ಹೆಂಡತಿ ಕಿಟಕಿಯ ಕಡೆ ಮುಖ ಮಾಡಿ ಅಳುತ್ತಿದ್ದಳು.

ಮಂಡ್ಯದ ಆಸ್ಪತ್ರೆಯ ಮನೋವೈದ್ಯೆ ಚಿಕ್ಕ ವಯಸ್ಸಿನವರು. ಅವಸರವಿಲ್ಲದೆ ಎಲ್ಲ ಕೇಳಿದರು. ಯಾವ ವಯಸ್ಸಿನಿಂದ ಸೇದುತ್ತಿದ್ದಾರೆ, ದಿನಕ್ಕೆ ಎಷ್ಟು, ಮನೆತನದಲ್ಲಿ ಯಾರಿಗಾದರೂ ಹೀಗೆ ಆಗಿತ್ತೆ. ಆಮೇಲೆ ನನಗೂ ಅವನ ಹೆಂಡತಿಗೂ ಬಿಡಿಸಿ ಹೇಳಿದರು. ಮಿದುಳು ಇಪ್ಪತ್ತೈದರ ಹತ್ತಿರದವರೆಗೂ ಬೆಳೆಯುತ್ತಲೇ ಇರುತ್ತದಂತೆ. ಬೆಳೆಯುವಾಗಲೇ ಹೊಗೆ ಸೇರಿದರೆ ಅಪಾಯ ಹೆಚ್ಚು. ಈಗಷ್ಟೇ ಕೇಳಿದ್ದನ್ನು, ಈಗಷ್ಟೇ ಎಣಿಸಿದ್ದನ್ನು ಹಿಡಿದಿಟ್ಟುಕೊಳ್ಳುವ ಶಕ್ತಿಗೆ ಅದು ಮೊದಲು ಪೆಟ್ಟು ಕೊಡುತ್ತದೆ. "ಎಷ್ಟೋ ಜನ ಸೇದ್ತಾರೆ, ಎಲ್ಲರಿಗೂ ಈ ಥರ ಆಗಲ್ಲ. ಆದರೆ ಕೆಲವರ ಮಿದುಳಿನಲ್ಲಿ ಹುಟ್ಟಿನಿಂದಲೇ ಒಂದು ಬಾಗಿಲು ಸಡಿಲ ಇರುತ್ತೆ. ಇದು ಹೋಗಿ ಅದನ್ನು ತಳ್ಳುತ್ತೆ. ಯಾರದು ಸಡಿಲ ಅಂತ ಮೊದಲೇ ಹೇಳೋಕೆ ಆಗಲ್ಲ."

ಹೆಂಡತಿ ನನ್ನ ಮುಖ ನೋಡಿದಳು. ಸೊಪ್ಪು ತಾನೆ ಕಣಮ್ಮ, ಎಂದಿದ್ದೆನಲ್ಲ. 

ಕೆಲವು ವಾರ ಅವನನ್ನು ಅಲ್ಲೇ ಇರಿಸಿಕೊಂಡರು. ಸೊಪ್ಪು ನಿಂತಿತು, ಮಾತ್ರೆ ಶುರುವಾಯಿತು. ದನಿಗಳು ಒಂದೊಂದಾಗಿ ಅಡಗಿದವು. ಊರಿಗೆ ಬಂದ ಮೇಲೆ ಒಂದು ದಿನ ತಾನೇ ನಾಚಿಕೊಂಡು, "ಬ್ಲಫ್‌ನೋರು ನನ್ನ ಏನಂದ್ಕಂಡ್ರೋ ಏನೋ" ಎಂದ. ಆ ಮಾತು ಕೇಳಿ ನನಗೆ ಎಷ್ಟು ಸಂತೋಷವಾಯಿತೆಂದರೆ ಅಂಗಡಿ ಬಿಟ್ಟು ಹೋಗಿ ಇಬ್ಬರಿಗೂ ಟೀ ತಂದೆ.

ಆದರೆ ಮಾತ್ರೆಯಿಂದ ಅವನ ಮೈ ಊದಿತು, ಕೈ ನಡುಗತೊಡಗಿತು. ಕೂದಲಿನಂಥ ತಂತಿಯನ್ನು ಮೋಟಾರಿನೊಳಗಿನ ಸಣ್ಣ ಕಂಡಿಗಳಲ್ಲಿ ಕೂರಿಸುವ ಕೆಲಸ ಅವನದು. ನಡುಗುವ ಬೆರಳಿನಲ್ಲಿ ತಂತಿಯ ಮೇಲಿನ ಲೇಪ ಕೆರೆದುಹೋಗುತ್ತಿತ್ತು. ಡಾಕ್ಟರಿಗೆ ಹೇಳಿದರೆ ಪ್ರಮಾಣ ಬದಲಿಸುತ್ತಾರೆ, ನಡುಕಕ್ಕೂ ಮದ್ದಿದೆ ಎಂದು ನಾನು ಹೇಳಿದೆ. "ಮುಂದ್ಲ ತಿಂಗ್ಳು ಓದಾಗ ಯೋಳ್ತೀನಿ" ಎಂದ.

ತಿಂಗಳಿಗೊಮ್ಮೆ ಚೀಟಿ ಹಿಡಿದು ನನ್ನ ಬಳಿಯೇ ಮಾತ್ರೆ ಕೊಳ್ಳುತ್ತಿದ್ದವನು ಒಂದು ತಿಂಗಳು ಬರಲಿಲ್ಲ. ನಾನೇ ಅವನ ಅಂಗಡಿಗೆ ಹೋದೆ.

"ಮಾತ್ರೆ ಮುಗ್ದಿರ್ಬೇಕಲ್ಲ ಗೌಡ?"

ಅವನು ಎರಡೂ ಕೈಗಳನ್ನು ಮುಂದೆ ಚಾಚಿದ. ಒಂದಿಷ್ಟೂ ಅಲುಗಾಡಲಿಲ್ಲ. "ನಿಲ್ಸಿ ಇಪ್ಪತ್ತು ದಿನ ಆಯ್ತು ಕಣ್ಲಾ. ಕುಂತ್ಕೊ, ನೋಡು" ಎಂದು ಹ್ಯಾಂಡಲ್ ಹಿಡಿದ. ಸುತ್ತುತ್ತಾ ಮಾತಾಡಿದ. ಮೊದಲಿನಷ್ಟು ಚುರುಕಿಲ್ಲದಿದ್ದರೂ ಮಾತಾಡಿದ, ನಕ್ಕ. ಕೊನೆಗೆ ನಿಲ್ಲಿಸಿ, "ಅರ್ವತ್ತು" ಎಂದ. ನಾನೂ ಒಳಗೊಳಗೇ ಎಣಿಸಿದ್ದೆ. ಅರವತ್ತೇ. ನನ್ನ ಗೆಳೆಯ ನನಗೆ ವಾಪಸ್ಸು ಸಿಕ್ಕಿದ ಎನ್ನಿಸಿತು.

"ನಮ್ಮವ್ಳಿಗೆ ಯೋಳ್ಬೇಡ ಬಾಯ್. ದಿನಾ ಎದ್ರುಗೆ ನಿಂತ್ಕಂಡು ನುಂಗುಸ್ತಾಳೆ. ಇಷ್ಟ್ ದಿನ ನಾಲ್ಗೆ ಅಡೀಲಿ ಮಡಿಕ್ಕಂಡು ಆಮೇಲೆ ಉಗೀತಿದ್ದೆ, ಈಗ ಮಾತ್ರೆನೇ ಮುಗ್ದೋಯ್ತು. ಅಂಗೇ ಕಾಣೋ ಯಾವ್ದಾರ ಸಕ್ತಿ ಮಾತ್ರೆ ಕೊಡು. ನಮ್ಮವ್ವನಾಣೆ, ಸೊಪ್ಪು ಮುಟ್ಟಿಲ್ಲ."

ನಾನು ಕೊಟ್ಟೆ. ಬಿಳಿಯ, ಚಿಕ್ಕ ಕ್ಯಾಲ್ಸಿಯಂ ಮಾತ್ರೆ. ಅದರಿಂದ ಯಾರಿಗೂ ಏನೂ ಆಗುವುದಿಲ್ಲ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಏನೂ ಆಗದಿರುವುದೇ ಅದರ ದೋಷ ಎಂಬುದನ್ನು ಯೋಚಿಸಲಿಲ್ಲ. ಮರುತಿಂಗಳೂ ಕೊಟ್ಟೆ.

ಮೂರನೇ ತಿಂಗಳು, ಬೆಳಿಗ್ಗೆ ಹತ್ತರ ಸುಮಾರಿಗೆ, ಗೋಡೆಯ ಆಚೆಯಿಂದ ಆಕೆ ಕಿರುಚಿದ್ದು ಕೇಳಿಸಿತು. ಓಡಿದೆ. ಅವನು ಹೆಂಡತಿಯನ್ನು ಗೋಡೆಗೆ ಒತ್ತಿ ಹಿಡಿದು, ಆಕೆಯ ಎಡಗೈಯ ಲೋಹದ ಬಳೆಯನ್ನು ಕಟಿಂಗ್ ಪ್ಲೇಯರಿನಿಂದ ಕತ್ತರಿಸುತ್ತಿದ್ದ. ಗಾಜಿನ ಬಳೆಗಳು ಚೂರಾಗಿ ನೆಲದ ಮೇಲಿದ್ದವು. ರಕ್ತ ಮೊಣಕೈವರೆಗೂ ಇಳಿದಿತ್ತು. "ಬಳೆಗೆ ಕರೆಂಟ್ ಬಂದದೆ ಕಣ್ಲಾ ಬಾಯ್! ಇವ್ಳು ಸತ್ತೋಯ್ತಾಳೆ! ಇಡ್ಕೊ ಬಾ!" ಎಂದು ಅಳುತ್ತಾ ಕೂಗಿದ. ಅವನು ಆಕೆಯನ್ನು ಉಳಿಸುತ್ತಿದ್ದ. ಬಳೆ ತುಂಡಾಗಿ ಬಿದ್ದೊಡನೆ ಪ್ಲೇಯರ್ ಎಸೆದು, ಆಕೆಯ ತಲೆಯನ್ನು ಎದೆಗೆ ಒತ್ತಿಕೊಂಡು, "ಬುಡ್ಸ್‌ದೆ, ಬುಡ್ಸ್‌ದೆ" ಎಂದು ಬೆನ್ನು ಸವರುತ್ತಿದ್ದ. ಆಕೆ ಆ ಸ್ಥಿತಿಯಲ್ಲೂ, "ಆಯ್ತು ಬುಡಿ, ಓಯ್ತು ಕರೆಂಟು" ಎಂದು ಅವನಿಗೇ ಸಮಾಧಾನ ಹೇಳುತ್ತಿದ್ದಳು.

ಮಣಿಕಟ್ಟಿನ ಒಳಗೆ ಬೆರಳು ಮಡಚಿಸುವ ಸ್ನಾಯುರಜ್ಜು ಕತ್ತರಿಸಿಹೋಗಿತ್ತು. ಹೊಲಿದರೂ ಆಕೆಯ ಎಡಗೈಯ ಎರಡು ಬೆರಳು ಮತ್ತೆ ಮಡಚಲಿಲ್ಲ.

ಮಂಡ್ಯದಲ್ಲಿ ಅದೇ ಡಾಕ್ಟರು. ಕೈಗೆ ಬ್ಯಾಂಡೇಜು ಸುತ್ತಿಕೊಂಡು ನಿಂತಿದ್ದ ಆಕೆಯನ್ನು ಕೇಳಿದರು: "ಮಾತ್ರೆ ಸರಿಯಾಗಿ ತಗೊಳ್ತಿದ್ರಾ?"

"ಒಂದಿನಾನೂ ತಪ್ಸಿಲ್ಲ ಮೇಡಂ. ನನ್ ಮುಂದೇನೇ ನುಂಗ್ತಿದ್ರು."

ನಾನು ಪಕ್ಕದಲ್ಲೇ ಇದ್ದೆ. ಡಾಕ್ಟರು ನನ್ನ ಕಡೆಗೂ ನೋಡಿದರು, ಔಷಧ ಕೊಡುವವನು ನಾನೇ ಎಂದು ಅವರಿಗೆ ಗೊತ್ತಿತ್ತು. ಬಾಯಿ ತೆರೆಯಲು ಅದಕ್ಕಿಂತ ಸರಿಯಾದ ಗಳಿಗೆ ಇರಲಿಲ್ಲ. ಆಕೆಯ ಬ್ಯಾಂಡೇಜಿನ ಮೇಲೆ ನನ್ನ ಕಣ್ಣಿತ್ತು. ನಾಳೆ ಒಬ್ಬನೇ ಬಂದು ಹೇಳುತ್ತೇನೆ ಎಂದುಕೊಂಡು ತಲೆಯಾಡಿಸಿದೆ.

"ಹಾಗಾದರೆ ಈ ಮದ್ದು ಇವರಿಗೆ ಹಿಡಿದಿಲ್ಲ" ಎಂದು ಡಾಕ್ಟರು ಬೇರೆ, ಇನ್ನೂ ಬಲವಾದ ಮಾತ್ರೆ ಬರೆದರು. ಆ ನಾಳೆ ಬರಲಿಲ್ಲ. ನಾನು ಹೋಗಲಿಲ್ಲ.

ಅದರಿಂದ ಮುಂದಕ್ಕೆ ಆರು ವರ್ಷ ಅವನು ಬದುಕಿದ. ಒಂದು ದಿನವೂ ಸೊಪ್ಪು ಮುಟ್ಟಲಿಲ್ಲ, ಒಂದು ದಿನವೂ ಮಾತ್ರೆ ಬಿಡಲಿಲ್ಲ. ದನಿ ಬರಲಿಲ್ಲ, ಲೈನೂ ಬರಲಿಲ್ಲ. ಆದರೆ ಹೊಸ ಮಾತ್ರೆ ಅವನ ಮೇಲೆ ಒದ್ದೆ ಕಂಬಳಿಯ ಹಾಗೆ ಬಿದ್ದಿತ್ತು. ಮಾತಿಗೂ ಮಾತಿಗೂ ನಡುವೆ ಕಾಯಬೇಕಿತ್ತು. ಅಷ್ಟು ವರ್ಷದ ಹೊಗೆ ಎಷ್ಟು ಕಿತ್ತುಕೊಂಡಿತ್ತು, ಮಾತ್ರೆ ಎಷ್ಟು ಮಂಕು ಮಾಡಿತ್ತು ಎಂದು ಬೇರೆ ಮಾಡಿ ಹೇಳುವುದು ಯಾರಿಂದಲೂ ಆಗದು. ನನ್ನಿಂದಂತೂ ಆಗದು.

ಅಂಗಡಿ ಮುಚ್ಚಲಿಲ್ಲ. ಆಕೆ ಹಿಡಿದಳು. ಸುತ್ತು ತಾನೇ ಎಣಿಸಿ ಅಂಕಿ ತೋರಿಸುವ ಯಂತ್ರ ತರಿಸಿ, ಮಡಚದ ಬೆರಳುಗಳ ನಡುವೆ ತಂತಿ ಸಿಕ್ಕಿಸಿಕೊಂಡು, ನೋಡಿ ನೋಡಿ ಕಲಿತಿದ್ದನ್ನು ಮಾಡಿ ಮಾಡಿ ಪಳಗಿಸಿಕೊಂಡಳು. ಅವನು ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಕಾಯಿಲುಗಳಿಗೆ ದಾರ ಕಟ್ಟುತ್ತಿದ್ದ, ವಾರ್ನಿಷ್ ಹಚ್ಚುತ್ತಿದ್ದ. ಒಮ್ಮೊಮ್ಮೆ ಹಳೆಯ ಗಿರಾಕಿ ಬಂದು, "ನಮ್ ಮೋಟ್ರು ನೆಪ್ಪೈತಾ ಗೌಡ್ರೆ?" ಎಂದರೆ ಮುಖ ಬೆಳಗುತ್ತಿತ್ತು. ಬಾಯಿ ತೆರೆದು, ಹುಡುಕಿ, ಹುಡುಕಿ, ಮುಚ್ಚಿಕೊಳ್ಳುತ್ತಿದ್ದ.

"ಖಾಲಿ ಆಗಿಲ್ಲ ಕಣ್ಲಾ ಬಾಯ್" ಎಂದು ಒಂದು ಸಂಜೆ ನನಗೆ ಹೇಳಿದ. "ಒಳ್ಗೆ ಎಲ್ಲಾ ಅದೆ. ತಗಿಯಾಕ್ ಓದ್ರೆ ಕೈಗೆ ಸಿಕ್ಕಾಕಿಲ್ಲ."

ಇನ್ನೊಂದು ಮಾತನ್ನೂ ಹೇಳಿದ್ದ, ಹೆಂಡತಿ ಹೊರಗೆ ಹೋಗಿದ್ದಾಗ. "ಅವತ್ತು ಆಸ್ಪತ್ರೇಲಿ ನೀನು ಬಾಯ್ ಬುಡ್ಲಿಲ್ಲ. ನನ್ ಮಾನ ಉಳಿಸ್ದೆ." ಆಮೇಲೆ, "ಮಾತ್ರೆ ಬುಟ್ಟಿದ್ನಲ್ಲ, ಆಗ ಒಂದೆರ್ಡು ದಮ್ಮು ಎಳ್ದಿದ್ದೆ ಕಣ್ಲಾ. ನಿನ್ ಕುಟೆ ಸುಳ್ಳೇಳ್ದೆ" ಎಂದ. ನಾನು ಅವನಿಗೆ ಮಾಡಿದ್ದಕ್ಕೆ ಅವನು ನನ್ನ ಕೈ ಹಿಡಿದು ಉಪಕಾರ ಸ್ಮರಿಸಿದ. ಅದಕ್ಕಿಂತ ಒಂದು ಏಟು ಕೊಟ್ಟಿದ್ದರೆ ತಡೆದುಕೊಳ್ಳುತ್ತಿದ್ದೆ.

ಹೋದ ತಿಂಗಳು ಬೆಳಿಗ್ಗೆ ಕಾಫಿ ಕುಡಿದು, ಎದೆ ನೋವು ಎಂದು ಮಲಗಿದವನು ಏಳಲಿಲ್ಲ. ಬಂಡೂರಿನಲ್ಲಿ ಅವರ ಹೊಲದಲ್ಲೇ ಮಣ್ಣು ಮಾಡಿದರು. ನಾನೂ ಮೂರು ಹಿಡಿ ಮಣ್ಣು ಹಾಕಿದೆ. ತಿಥಿ ಮುಗಿದು ಆಕೆ ಅಂಗಡಿ ತೆರೆದ ದಿನ ಮಧ್ಯಾಹ್ನ, ಗಿರಾಕಿಗಳಿಲ್ಲದ ಹೊತ್ತು ನೋಡಿ ಹೋದೆ. ಅವನ ಕುರ್ಚಿಯಲ್ಲಿ ಕೂರಲಿಲ್ಲ. ನಿಂತೇ ಎಲ್ಲ ಹೇಳಿದೆ. ಮಾತ್ರೆ ಬಿಟ್ಟದ್ದು, ನಾನು ಬದಲಿ ಕೊಟ್ಟದ್ದು, ಡಾಕ್ಟರ ಮುಂದೆ ತಲೆಯಾಡಿಸಿದ್ದು.

ಆಕೆ ಯಂತ್ರ ಆರಿಸಿ, ಬೆರಳುಗಳ ನಡುವಿನ ತಂತಿಯನ್ನು ಬಿಡಿಸಿ ಪಕ್ಕಕ್ಕಿಟ್ಟಳು.

"ಬಳೆ ಕತ್ರುಸಿದ್ರಲ್ಲ, ಅವತ್ತು ಬೆಳಿಗ್ಗೆ ನಾನು ಅವ್ರುನ್ನ ಬೈದಿದ್ದೆ ಕಣಣ್ಣ" ಎಂದಳು. "ಒಂದ್ ಮೋಟ್ರು ಮತ್ತೆ ಸುಟ್ಟು ವಾಪಸ್ ಬಂದಿತ್ತು. 'ನಿನ್ ಕೈಲಿ ಇನ್ನೇನೂ ಆಗಾಕಿಲ್ಲ' ಅಂದ್ಬುಟ್ಟೆ. ಮಾತ್ರೆ ಬ್ಯಾರೆ ಸರ್ಯಾಗ್ ನುಂಗ್ತಾವ್ರೆ, ಆ ಮಾತ್ಗೇ ಅವ್ರ್ ತಲೆ ಕೆಟ್ಟೋಯ್ತು ಅಂದ್ಕಂಡೆ. ಆರ್ ವರ್ಸ ಅಂದ್ಕಂಡೇ ಬದುಕ್ದೆ. ಈ ಕೈ ನೋಡ್ಕಂಡು, ನಂಗೆ ಆಗ್ಬೇಕಾದ್ದೇ ಆಯ್ತು ಅಂದ್ಕತಿದ್ದೆ."

"ತಪ್ಪಾಯ್ತು ಕಣಮ್ಮ."

"ಅವ್ರು ಬ್ಯಾಡ ಅಂದ್ರು, ನೀವು ನನ್ಗೆ ಯೋಳ್ಲಿಲ್ಲ. ಓಗ್ಲಿ. ಡಾಕ್ಟ್ರು ಕೇಳುದ್ರಲ್ಲ, ಅವ್ರಿಗೆ ಯೋಳ್ಬೇಕಿತ್ತು." ದನಿ ಏರಲಿಲ್ಲ. "ಈಗ್ಲಾದ್ರೂ ಓಗಿ ಯೋಳಿ. ಆಯಮ್ಮನೂ ತಾನೇನೋ ತಪ್ಪು ಮಾಡ್ದೆ ಅಂದ್ಕಂಡಿರ್ಬೈದು."

ಮಾರನೆಯ ದಿನವೇ ಮಂಡ್ಯಕ್ಕೆ ಹೋದೆ. ಡಾಕ್ಟರಿಗೆ ಅವನ ನೆನಪಿತ್ತು. ಬಳೆ ಕತ್ತರಿಸಿದವರಲ್ಲವೇ ಎಂದರು. ನಾನು ಹೇಳುವುದನ್ನು ಪೂರ್ತಿ ಕೇಳಿದರು. ಬೈಯಲಿಲ್ಲ. ಬೈದರೆ ಹಗುರವಾಗುತ್ತಿತ್ತು. ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, ನನಗೋ ತಮಗೋ ಹೇಳಿಕೊಳ್ಳುವ ಹಾಗೆ, "ಅಂದ್ರೆ ಆ ಮೊದಲನೇ ಮಾತ್ರೆ ಅವರಿಗೆ ಸರಿಯಾಗೇ ಕೆಲಸ ಮಾಡ್ತಿತ್ತು. ಆ ಬಲವಾದದ್ದು ಬೇಕಾಗೇ ಇರಲಿಲ್ಲ" ಎಂದರು.

ಸಂಜೆ ಬಸ್ಸಿಳಿದು ಬಂದಾಗ ಆಕೆ ಅಂಗಡಿಯ ಬಾಗಿಲಲ್ಲೇ ನಿಂತಿದ್ದಳು.

"ಏನಂದ್ರು?"

ಆ ಮಾತನ್ನು ಆಕೆಗೆ ಹೇಳುವುದಕ್ಕಿಂತ ಕಷ್ಟದ ಕೆಲಸ ನನ್ನ ಜೀವಮಾನದಲ್ಲಿ ಬಂದಿಲ್ಲ. ಹೇಳಿದೆ.